ಉಣ್ಣುವವರನ್ನು ಎಬ್ಬಿಸದ ಕತೆಗಳು

ಜಪಾನಿನ ಒಂದು ಟಿವಿ ಧಾರಾವಾಹಿಯ ದೃಶ್ಯ. ಹೊಕ್ಕೈಡೊ ದ್ವೀಪದ ಒಂದು ಊರಿನ ರಾಮೆನ್ (ಸಾರಿನಲ್ಲಿ ಹಾಕಿದ ನೂಡಲ್ಸ್) ಅಂಗಡಿ. ಬಾಗಿಲು ಹಾಕುವ ಹೊತ್ತಾಗಿದೆ. ಅಪ್ಪ, ಮಗ, ಮಗಳು ಒಂದು ಮೇಜಿನಲ್ಲಿ ಕೂತಿದ್ದಾರೆ. ಊರು ಬಿಟ್ಟು ಹೊರಟ ಗೆಳೆಯನನ್ನು ಕಳಿಸಿಕೊಟ್ಟು ಆಗಷ್ಟೇ ಬಂದಿದ್ದಾರೆ. ಮಗ ಜುನ್‌ನ ಎದೆಯೊಳಗೆ ಬಹಳ ದಿನದಿಂದ ಒಂದು ಸುಳ್ಳು ಕೊರೆಯುತ್ತಿದೆ. ಅಪ್ಪ ಕಟ್ಟಿದ ಮರದ ದಿಮ್ಮಿಯ ಮನೆ ಬೆಂಕಿಗೆ ಹೋದದ್ದರಲ್ಲಿ ಅವನ ಪಾಲೂ ಇತ್ತು. ತಪ್ಪೆಲ್ಲ ಆ ಗೆಳೆಯನ ಮೇಲೆ ಹೋಗಲು ಬಿಟ್ಟು ತಾನು ಸುಮ್ಮನಿದ್ದ. ಈಗ ಬಿಸಿ ಬಟ್ಟಲಿನ ಮುಂದೆ ಒಂದೊಂದೇ ಮಾತು ಹೊರಗೆ ಬರುತ್ತದೆ. ಮಾತಿನ ಜತೆಗೆ ಅಳುವೂ ಬರುತ್ತದೆ. ಬಟ್ಟಲಲ್ಲಿ ರಾಮೆನ್ ಉಳಿದೇ ಇದೆ. ಅಂಗಡಿಯ ಹೆಂಗಸಿಗೆ ಮನೆಗೆ ಹೊರಡುವ ಅವಸರ. ಬಂದು ಬಟ್ಟಲಿಗೆ ಕೈ ಹಾಕುತ್ತಾಳೆ. ಆಗ ಅಪ್ಪ ಗೊರೊ ಕಿರುಚಿಬಿಡುತ್ತಾನೆ: ಮಗು ಇನ್ನೂ ತಿಂತಾ ಇದೆಯಲ್ಲ! ಬಟ್ಟಲು ಬಿದ್ದು ಒಡೆಯುತ್ತದೆ.

ಗೊರೊ ಹಾಗೆ ಕಿರುಚುವ ಮನುಷ್ಯನಲ್ಲ. ಹೆಂಡತಿ ಬೇರೆಯವನ ಜತೆ ಇದ್ದಾಳೆ ಅಂತ ಗೊತ್ತಾದಾಗಲೂ ಜಗಳಕ್ಕೆ ನಿಲ್ಲದೆ, ಇಬ್ಬರು ಮಕ್ಕಳನ್ನು ಕರೆದುಕೊಂಡು ಟೋಕಿಯೊದಿಂದ ತನ್ನ ಹುಟ್ಟೂರಿಗೆ ಬಂದವನು. ಎಲ್ಲರ ಮುಂದೆಯೂ ಅರೆನಗುತ್ತಾ, ತಲೆ ತಗ್ಗಿಸುತ್ತಾ ಇರುವವನು. ಇಡೀ ಕತೆಯಲ್ಲಿ ಅವನು ಹಣಕ್ಕಾಗಿ, ಮಾನಕ್ಕಾಗಿ ಸಿಡಿದೆದ್ದದ್ದು ನನಗೆ ನೆನಪಿಲ್ಲ. ಅಳುತ್ತಾ ತಪ್ಪು ಒಪ್ಪಿಕೊಳ್ಳುತ್ತಿರುವ ಮಗನ ಮುಂದಿನ ಬಟ್ಟಲಿಗೆ ಕೈ ಬಂದಾಗ ಮಾತ್ರ ಅವನ ಗಂಟಲು ಬಿರಿಯುತ್ತದೆ. ನಮ್ಮ ಕಡೆ ಉಣ್ಣುತ್ತಿರುವವರನ್ನು ಎಬ್ಬಿಸಬಾರದು ಅಂತಾರೆ. ಮನೆಯಲ್ಲಿ ಎಷ್ಟೇ ಸಿಟ್ಟಿದ್ದರೂ ಎಲೆಯ ಮುಂದೆ ಕೂತವರನ್ನು ಬೈಯುವುದಿಲ್ಲ. ಅಷ್ಟು ದೂರದ ಹಿಮದ ನಾಡಿನವನೊಬ್ಬ ಅದೇ ಮಾತಿಗಾಗಿ ಕಿರುಚಿದ್ದು ಕೇಳಿ, ನಾನು ಆ ದೃಶ್ಯವನ್ನು ಹಿಂದಕ್ಕೆ ಎಳೆದು ಮತ್ತೆ ನೋಡಿದೆ, ಮತ್ತೂ ನೋಡಿದೆ.

ಇದು ‘ಕಿತಾ ನೊ ಕುನಿ ಕರಾ’, ಅಂದರೆ ‘ಉತ್ತರದ ನಾಡಿನಿಂದ’. ಫುಜಿ ಟಿವಿಯಲ್ಲಿ 1981ರ ಅಕ್ಟೋಬರಿನಲ್ಲಿ ಶುರುವಾಗಿ ಮರುವರ್ಷದ ಮಾರ್ಚ್‌ಗೆ 24 ಕಂತುಗಳಲ್ಲಿ ಮುಗಿಯಿತು. ಆದರೆ ಮುಗಿಯಲಿಲ್ಲ. 1983ರಿಂದ 2002ರವರೆಗೆ ಕೆಲವು ವರ್ಷಕ್ಕೊಮ್ಮೆ ಒಂದೊಂದು ವಿಶೇಷ ಕತೆ ಬರುತ್ತಲೇ ಇತ್ತು, ಒಟ್ಟು ಎಂಟು. ರಾಮೆನ್ ಅಂಗಡಿಯ ದೃಶ್ಯ 1984ರದ್ದು. ಜುನ್ ಆದ ಯೊಶಿಒಕಾ ಹಿದೆತಾಕಾ, ತಂಗಿ ಹೊತಾರು ಆದ ನಕಾಜಿಮಾ ತೊಮೊಕೊ ಇಬ್ಬರೂ ಶುರುವಿನಲ್ಲಿ ಹತ್ತು ಹನ್ನೊಂದರ ಮಕ್ಕಳು. ಕೊನೆಯ ಕತೆಯಲ್ಲಿ ಮೂವತ್ತು ದಾಟಿದವರು. ಮೇಕಪ್ಪಿನಿಂದ ವಯಸ್ಸು ಹೆಚ್ಚಿಸಿದ್ದಲ್ಲ, ನಟರನ್ನು ಬದಲಿಸಿದ್ದೂ ಅಲ್ಲ. ಅದೇ ಮುಖಗಳು ಇಪ್ಪತ್ತೊಂದು ವರ್ಷ ಬೆಳೆದವು. ಗೊರೊ ಆಗಿದ್ದ ತನಾಕಾ ಕುನಿಯೆ ಅಷ್ಟೂ ವರ್ಷ ಅವರ ಜತೆ ಮುದುಕರಾಗುತ್ತಾ ಹೋದರು.

ಬರೆದವರು ಕುರಾಮೊತೊ ಸೋ. ಟೋಕಿಯೊ ಬಿಟ್ಟು, ಈ ಕತೆ ನಡೆಯುವ ಫುರಾನೊಗೆ 1977ರಲ್ಲಿ ಬಂದು ನೆಲೆಸಿದವರು. ಹಿಮ ಎಷ್ಟು ಆಳ ಬೀಳುತ್ತದೆ, ಸೌದೆ ಎಷ್ಟು ಬೇಕು, ಪಕ್ಕದ ಮನೆಯವರು ಯಾವಾಗ ಸಹಾಯಕ್ಕೆ ಬರುತ್ತಾರೆ, ಯಾವಾಗ ಬರುವುದಿಲ್ಲ, ಇದೆಲ್ಲ ಅವರಿಗೆ ಮೈಮೇಲೆ ಗೊತ್ತಿತ್ತು. ಕತೆಯಲ್ಲಿ, ಪಾಳುಬಿದ್ದ ಮನೆಗೆ ಬಂದ ದಿನ, ಕರೆಂಟ್ ಇಲ್ಲ ಅಂತ ತಿಳಿದ ಜುನ್‌ಗೆ ಗಾಬರಿ. ಕರೆಂಟ್ ಇಲ್ಲದಿದ್ದರೆ ರಾತ್ರಿ ಏನು ಮಾಡೋದು ಅಂತ ಕೇಳುತ್ತಾನೆ. ರಾತ್ರಿಯಾದರೆ ಮಲಗೋದು, ಅನ್ನುತ್ತಾನೆ ಅಪ್ಪ. ಹಳ್ಳಿಯ ಬದುಕೇ ಚೆಂದ ಅಂತ ಹಾಡಿ ಹೊಗಳುವ ಕತೆ ಅಲ್ಲ ಇದು. ಜುನ್‌ಗೆ ಅಲ್ಲಿ ಇರಲು ಇಷ್ಟವಿಲ್ಲ. ಟೋಕಿಯೊದಲ್ಲಿರುವ ಕೇಕೊ ಎಂಬ ಹುಡುಗಿಗೆ ಮನಸ್ಸಿನಲ್ಲೇ ಪತ್ರ ಬರೆದುಕೊಳ್ಳುತ್ತಾ ದೂರುತ್ತಿರುತ್ತಾನೆ, ನಮಗೆ ಕತೆ ಕೇಳಿಸುವುದು ಆ ದೂರುಗಳ ದನಿಯಲ್ಲೇ.

1987ರ ಕತೆಯಲ್ಲಿ ಜುನ್ ಮಿಡಲ್ ಸ್ಕೂಲ್ ಮುಗಿಸಿ ಟೋಕಿಯೊಗೆ ಹೊರಡುತ್ತಾನೆ. ರೈಲಲ್ಲಿ ಅಲ್ಲ, ದೂರದೂರಿಗೆ ಹೋಗುವ ಲಾರಿಯಲ್ಲಿ. ಡ್ರೈವರ್ ಮುಖ ಕೊಟ್ಟು ಮಾತಾಡುವವನಲ್ಲ. ಸ್ವಲ್ಪ ದೂರ ಹೋದ ಮೇಲೆ ಒಂದು ಲಕೋಟೆ ತೋರಿಸುತ್ತಾನೆ. ಹೊರಡುವಾಗ ಗೊರೊ ಅವನಿಗೆ ಉಪಕಾರಕ್ಕೆಂದು ಕೊಟ್ಟದ್ದು. ಒಳಗೆ 10,000 ಯೆನ್‌ನ ಎರಡು ನೋಟು, ನೋಟಿನ ಮೇಲೆ ಮಣ್ಣು. ಅದು ನಿಮ್ಮಪ್ಪನ ಕೈಯ ಮಣ್ಣು, ನನ್ನಿಂದ ಇದನ್ನು ಇಟ್ಟುಕೊಳ್ಳಲಾಗದು, ನೀನೇ ಇಟ್ಟುಕೋ, ಜೀವಮಾನಪೂರ್ತಿ ಖರ್ಚು ಮಾಡಬೇಡ ಅನ್ನುತ್ತಾನೆ. ಹುಡುಗನ ಅಳು ತಡೆಯುವುದಿಲ್ಲ. 2002ರ ಕೊನೆಯ ಕತೆಯಲ್ಲಿ ಗೊರೊ ಮಕ್ಕಳಿಗೆ ಉಯಿಲು ಬರೆಯುತ್ತಾನೆ. ಬಿಟ್ಟುಹೋಗಲು ಆಸ್ತಿಯಿಲ್ಲ. ಹಣ ಬಯಸಬೇಡಿ, ಇಲ್ಲಿ ಬೇರೇನಿಲ್ಲದಿದ್ದರೂ ಪ್ರಕೃತಿ ಇದೆ, ಸಾಯದಷ್ಟು ಮಟ್ಟಿಗೆ ಅದು ವರ್ಷವರ್ಷವೂ ನಿಮಗೆ ಉಣ್ಣಲು ಕೊಡುತ್ತದೆ, ತಗ್ಗಿಬಗ್ಗಿ ಅದರಿಂದ ಪಡೆದುಕೊಳ್ಳಿ ಅನ್ನುವ ಅರ್ಥದ ಮಾತುಗಳು. ಕೊನೆಯ ಮಾತಿನಲ್ಲೂ ಅವನ ಚಿಂತೆ ಮಕ್ಕಳ ಹೊಟ್ಟೆಯದ್ದೇ. 2021ರಲ್ಲಿ ತನಾಕಾ ಕುನಿಯೆ ತೀರಿಕೊಂಡ ಸುದ್ದಿ ಓದಿದಾಗ ನನಗೆ ಮನೆಯ ಹಿರಿಯರೊಬ್ಬರು ಹೋದಷ್ಟೇ ಸಂಕಟವಾಯಿತು.

ಈ ಧಾರಾವಾಹಿ ನೋಡಿದ ಮೇಲೆ ನನ್ನ ಮೆಚ್ಚಿನ ಜಪಾನಿ ಧಾರಾವಾಹಿಗಳನ್ನೆಲ್ಲ ಒಮ್ಮೆ ನೆನಪಿಸಿಕೊಂಡೆ. ಕತೆಯ ತಿರುವುಗಳು ಅರ್ಧಕ್ಕರ್ಧ ಮರೆತುಹೋಗಿವೆ. ಉಳಿದಿರುವುದು ಉಣ್ಣುವವರ ಮುಖಗಳು. ಯಾರೋ ಒಬ್ಬರು ಬಟ್ಟಲ ಮುಂದೆ ಕೂತಿದ್ದಾರೆ, ಅವರೊಳಗೆ ಏನೋ ನಡೆಯುತ್ತಿದೆ, ಕ್ಯಾಮೆರಾ ಅವರನ್ನು ಬಿಟ್ಟು ಹೋಗುವುದಿಲ್ಲ. ನಮ್ಮದು ಸಸ್ಯಾಹಾರಿ ಮನೆ. ಅನ್ನದ ಮೇಲೆ ಕರಿದ ಹಂದಿಮಾಂಸ ಹಾಕಿದ ಕತ್ಸುದೊನ್, ಕೋಳಿ ಕರಿದು ಮಾಡುವ ಕರಾಅಗೆ, ಮೀನಿನ ಚೂರು, ಇವುಗಳಲ್ಲಿ ಒಂದನ್ನೂ ನಾನು ಬಾಯಿಗಿಟ್ಟಿಲ್ಲ, ಇಡುವುದೂ ಇಲ್ಲ. ಹಾಗಾಗಿ ಬಾಯಲ್ಲಿ ನೀರೂರಿಸುವ ಚಿತ್ರಗಳಿಗೆ ನಾನು ಮರುಳಾದೆ ಅಂತ ಯಾರೂ ಹೇಳುವ ಹಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅಡುಗೆಯಲ್ಲ, ತಿನ್ನುವವರಿಗೆ ಆ ಬರಹಗಾರರು ಕೊಡುವ ಹೊತ್ತು. ತಿನ್ನುವಾಗ ಕೈಗೆ ಕೆಲಸವಿರುತ್ತದೆ, ಬಾಯಿ ತುಂಬಿರುತ್ತದೆ, ಮಾತಾಡದೆ ಇರುವುದಕ್ಕೆ ಕಾರಣವಿರುತ್ತದೆ. ಹಾಗಾಗಿಯೇ ಆ ಹೊತ್ತಿನಲ್ಲಿ ಒಳಗಿನದ್ದು ಮುಖಕ್ಕೆ ಬರುತ್ತದೆ.

ಇದರ ಬೇರು ಆಳದಲ್ಲಿದೆ. ‘ಓಶಿನ್’ ಇಡೀ ಕತೆ ನಿಂತಿರುವುದೇ ಅಕ್ಕಿಯ ಮೇಲೆ. ಎನ್‌ಎಚ್‌ಕೆ ವಾಹಿನಿಯ ಬೆಳಗಿನ ಧಾರಾವಾಹಿ, 1983ರ ಏಪ್ರಿಲಿನಿಂದ 1984ರ ಮಾರ್ಚ್‌ವರೆಗೆ, ಹದಿನೈದು ನಿಮಿಷದ 297 ಕಂತು. ಬರೆದವರು ಹಶಿದಾ ಸುಗಾಕೊ. ಜಪಾನಿನಲ್ಲಿ ಅದರ ಸರಾಸರಿ ರೇಟಿಂಗ್ 52.6 ಶೇಕಡಾ, ಅತಿ ಹೆಚ್ಚು ಬಂದದ್ದು 62.9. ಜಗತ್ತಿನ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಜನ ನೋಡಿದರು. ಯಮಗಾತಾದ ಗೇಣಿ ರೈತನ ಮನೆ. ಊಟಕ್ಕೆ ಮೂಲಂಗಿ ಬೆರೆಸಿದ ಅನ್ನ, ಅದರಲ್ಲಿ ಅಕ್ಕಿ ಹುಡುಕಿಕೊಳ್ಳಬೇಕು. ಏಳು ವರ್ಷದ ಓಶಿನ್‌ಳನ್ನು ಒಂದು ಮೂಟೆ ಅಕ್ಕಿಗೆ ಬದಲಾಗಿ ಮರದ ವ್ಯಾಪಾರಿಯ ಮನೆಗೆ ಜೀತಕ್ಕೆ ಕಳಿಸುತ್ತಾರೆ. ಹಿಮ ತುಂಬಿದ ಮೊಗಾಮಿ ನದಿಯಲ್ಲಿ ತೆಪ್ಪದ ಮೇಲೆ ಆ ಮಗು ದೂರವಾಗುತ್ತಾ ಹೋಗುವ ದೃಶ್ಯ ನೋಡಿ ಅಳದವರು ಕಡಿಮೆ.

ನನ್ನನ್ನು ಹೆಚ್ಚು ಕಾಡಿದ್ದು ಅದಲ್ಲ, ಅಜ್ಜಿ ಕೊಟ್ಟ ಐವತ್ತು ಸೆನ್‌ನ, ಅಂದರೆ ಅರ್ಧ ಯೆನ್‌ನ, ಬೆಳ್ಳಿ ನಾಣ್ಯ. ಮನೆ ಬಿಡುವಾಗ ಅಜ್ಜಿ ತಾನು ಜೋಪಾನ ಮಾಡಿದ್ದ ಆ ನಾಣ್ಯವನ್ನು ಮೊಮ್ಮಗಳಿಗೆ ಕೊಡುತ್ತಾಳೆ. ಮುಂದೆ ಯಜಮಾನರ ಮನೆಯಲ್ಲಿ ದುಡ್ಡು ಕಾಣೆಯಾದಾಗ ಆ ನಾಣ್ಯದಿಂದಲೇ ಓಶಿನ್ ಕಳ್ಳಿಯಾಗುತ್ತಾಳೆ. ಬಡವರ ಮಗುವಿನ ಬಳಿ ದುಡ್ಡಿದೆ ಅಂದಮೇಲೆ ಕದ್ದದ್ದೇ ಇರಬೇಕು. ಅವಳು ಹಿಮದಲ್ಲಿ ಓಡಿಹೋಗುತ್ತಾಳೆ. ಕೊಬಯಾಶಿ ಅಯಾಕೊ ಎಂಬ ಹುಡುಗಿ ಅದನ್ನು ಮಾಡಿರುವ ರೀತಿ ನೋಡಿದರೆ ಅಭಿನಯ ಅನ್ನಲು ಮನಸ್ಸು ಬಾರದು.

ಕತೆಯ ಚೌಕಟ್ಟನ್ನು ಎಷ್ಟೋ ಜನ ಮರೆತಿರುತ್ತಾರೆ. ಅದು ಶುರುವಾಗುವುದು 1983ರಲ್ಲೇ. ಓಶಿನ್ ಈಗ ಎಂಬತ್ತು ದಾಟಿದ ಮುದುಕಿ, ಸೂಪರ್‌ಮಾರ್ಕೆಟ್ ಅಂಗಡಿಗಳ ಒಡತಿ. ಹೊಸ ಅಂಗಡಿ ತೆರೆಯುವ ದಿನವೇ ಯಾರಿಗೂ ಹೇಳದೆ ಮನೆ ಬಿಟ್ಟು, ಹುಟ್ಟಿದೂರಿನ ದಾರಿ ಹಿಡಿಯುತ್ತಾಳೆ. ಒಂದು ಮೂಟೆ ಅಕ್ಕಿಗೆ ಮಾರಿದ ಮಗು ಅಕ್ಕಿಯ ಮೂಟೆಗಳನ್ನು ಸಾಲಾಗಿ ಪೇರಿಸಿ ಮಾರುವವಳಾದಳು. ಅಷ್ಟರಲ್ಲಿ ಏನು ಕಳೆದುಕೊಂಡೆ ಅಂತ ನೋಡಲು ಹಿಂದಕ್ಕೆ ನಡೆದಳು. ಕಷ್ಟಪಟ್ಟರೆ ಮೇಲೆ ಬರಬಹುದು ಅನ್ನುವ ಪಾಠವಾಗಿ ‘ಓಶಿನ್’ ನೋಡುವವರ ಜತೆ ನನಗೆ ತಕರಾರಿದೆ. ಹಶಿದಾ ಬರೆದದ್ದು ಹಾಗೆ ಮೇಲೆ ಬಂದವರಿಗೆ ಕೇಳಬೇಕಾದ ಪ್ರಶ್ನೆಯನ್ನು. ದೇಶ ಸಿರಿವಂತವಾಗಿದ್ದ ಹೊತ್ತಿನಲ್ಲಿ, ತುಂಬಿದ ಅಂಗಡಿಯ ನಡುವೆ ನಿಲ್ಲಿಸಿ ಕೇಳಿದರು.

ಧಾರಾವಾಹಿಗಳ ಬರಹಗಾರ್ತಿ ಮುಕೋದಾ ಕುನಿಕೊ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಅಡುಗೆ, ಊಟ ಅವರಿಗೆ ಬರವಣಿಗೆಯಷ್ಟೇ ಪ್ರೀತಿ. 1978ರಲ್ಲಿ ತಂಗಿಯ ಜತೆ ಸೇರಿ ಟೋಕಿಯೊದ ಅಕಸಾಕಾದಲ್ಲಿ ‘ಮಾಮಾಯಾ’ ಎಂಬ ಪುಟ್ಟ ಊಟದ ಅಂಗಡಿಯನ್ನೇ ತೆರೆದರು. ಅವರು ಬರೆದ 1974ರ ‘ತೆರಾಉಚಿ ಕಂತಾರೊ ಇಕ್ಕಾ’ದಲ್ಲಿ ಕಲ್ಲುಕೆತ್ತುವವನ ಮನೆಮಂದಿಯೆಲ್ಲ ಒಂದು ಗಿಡ್ಡ ಮೇಜಿನ ಸುತ್ತ ಕೂತು ಉಣ್ಣುತ್ತಾರೆ, ಅಲ್ಲೇ ಮಾತು, ಅಲ್ಲೇ ಜಗಳ, ಅಪ್ಪ ಕಂತಾರೊ ಎದ್ದನೆಂದರೆ ಮೇಜಿನ ಮೇಲಿನದ್ದೆಲ್ಲ ಚೆಲ್ಲಾಪಿಲ್ಲಿ. ಆ ಮನೆಯ ಅಜ್ಜಿಯಾದವರು ಮುಂದೆ ಕಿಕಿ ಕಿರಿನ್ ಎಂದು ಹೆಸರಾದ ನಟಿ. ಆಗ ಅವರಿಗಿನ್ನೂ ಮೂವತ್ತರ ಆಸುಪಾಸು.

ನಾನು ಹೆಚ್ಚು ಹಚ್ಚಿಕೊಂಡದ್ದು ಅವರ ‘ಅಶುರಾ ನೊ ಗೊತೊಕು’. ಎನ್‌ಎಚ್‌ಕೆಯಲ್ಲಿ 1979ರಲ್ಲಿ ಮೂರು ಕಂತು, 1980ರಲ್ಲಿ ನಾಲ್ಕು ಕಂತು. ನಾಲ್ವರು ಅಕ್ಕತಂಗಿಯರು. ವಯಸ್ಸಾದ ಅಪ್ಪನಿಗೆ ಇನ್ನೊಬ್ಬಳಿದ್ದಾಳೆ ಅಂತ ಗೊತ್ತಾಗಿ ಒಂದು ಕಡೆ ಸೇರುತ್ತಾರೆ. ವಿಷಯ ಅಷ್ಟು ಭಾರದ್ದು. ಆದರೆ ಅವರು ಮಾಡುವುದೇನು? ಹೊಸವರ್ಷದ ಒಣಗಿದ ಮೋಚಿಯನ್ನು (ಅಂಟಕ್ಕಿಯ ಉಂಡೆ) ಎಣ್ಣೆಯಲ್ಲಿ ಕರಿದು, ಕುರುಕುರು ತಿನ್ನುತ್ತಾ ಮಾತಾಡುತ್ತಾರೆ. ನಗುತ್ತಾರೆ, ಒಬ್ಬರನ್ನೊಬ್ಬರು ಚುಚ್ಚುತ್ತಾರೆ, ಮತ್ತೆ ತಿನ್ನುತ್ತಾರೆ. ಅಮ್ಮನಿಗೆ ಇದು ತಿಳಿಯಬಾರದು ಅಂತ ತೀರ್ಮಾನವಾಗುತ್ತದೆ. ಅಮ್ಮನಿಗೆ ಎಲ್ಲ ಗೊತ್ತಿದೆ. ಗಂಡನ ಕೋಟನ್ನು ಒಪ್ಪಮಾಡುತ್ತಾ ಮಕ್ಕಳ ಹಾಡೊಂದನ್ನು ಗುನುಗುತ್ತಿರುತ್ತಾಳೆ; ಜೇಬಿನಲ್ಲಿ ಒಂದು ಆಟದ ಕಾರು ಸಿಗುತ್ತದೆ. ಆ ಇನ್ನೊಬ್ಬಳ ಮನೆಯ ಮಗುವಿಗೆ ಅಂತ ಅವನು ಇಟ್ಟುಕೊಂಡದ್ದು. ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಇದ್ದವಳು ತಟ್ಟನೆ ಆ ಕಾರನ್ನು ಕಾಗದದ ಬಾಗಿಲಿಗೆ ಬೀಸಿ ಎಸೆಯುತ್ತಾಳೆ. ಮುಂದೊಂದು ದಿನ ಪೇಟೆಯ ಬುಟ್ಟಿ ಹಿಡಿದು ಆ ಇನ್ನೊಬ್ಬಳ ಮನೆಯ ಹತ್ತಿರ ನಿಂತಿದ್ದಾಗ ಮಗಳ ಕಣ್ಣಿಗೆ ಬೀಳುತ್ತಾಳೆ, ಅಲ್ಲೇ ಕುಸಿಯುತ್ತಾಳೆ. ಬುಟ್ಟಿಯಿಂದ ಬಿದ್ದ ಮೊಟ್ಟೆಗಳು ರಸ್ತೆಯ ಮೇಲೆ ಒಡೆಯುತ್ತವೆ. ರಾತ್ರಿಯ ಅಡುಗೆಗೆ ತಂದ ಮೊಟ್ಟೆಗಳು! ಅಂಥ ಕೆಲಸಕ್ಕೆ ಹೊರಟಾಗಲೂ ಅಡುಗೆಯ ಸಾಮಾನು ಕೈಯಲ್ಲಿರುವ ಹೆಂಗಸನ್ನು ಮುಕೋದಾ ಅಲ್ಲದೆ ಬೇರೆ ಯಾರು ಬರೆದಾರು?

ಇದಕ್ಕೆ ಹಿನ್ನೆಲೆಯಲ್ಲಿ ಬರುವುದು ತುರ್ಕಿಯ ಹಳೆಯ ಸೈನ್ಯದ ಮೆರವಣಿಗೆಯ ಸಂಗೀತ. ಅಕ್ಕತಂಗಿಯರ ಜಗಳಕ್ಕೆ ರಣಭೇರಿ. ಮೊದಲ ಸಲ ಕೇಳಿದಾಗ ವಿಚಿತ್ರ ಅನ್ನಿಸಿತು, ಎರಡನೆಯ ಕಂತಿನ ಹೊತ್ತಿಗೆ ಅದಿಲ್ಲದೆ ಆಗದು ಅನ್ನಿಸಿತು. 1980ರಲ್ಲಿ ಸಾಹಿತ್ಯದ ನವೋಕಿ ಪ್ರಶಸ್ತಿ ಬಂದ ಮುಕೋದಾ, 1981ರ ಆಗಸ್ಟ್ 22ರಂದು ತೈವಾನಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಐವತ್ತೊಂದು ವಯಸ್ಸು. 2025ರ ಜನವರಿಯಲ್ಲಿ ಕೊರೆಎದಾ ಹಿರೊಕಾಜು ನಿರ್ದೇಶನದಲ್ಲಿ ಇದೇ ಕತೆ ನೆಟ್‌ಫ್ಲಿಕ್ಸಿನಲ್ಲಿ ಹೊಸದಾಗಿ ಬಂತು, ಏಳು ಕಂತುಗಳಲ್ಲಿ. ಮಿಯಾಜಾವಾ ರಿಯೆ, ಒನೊ ಮಚಿಕೊ, ಅಓಇ ಯೂ, ಹಿರೊಸೆ ಸುಜು ನಾಲ್ವರೂ ಚೆನ್ನಾಗಿ ಮಾಡಿದ್ದಾರೆ. ಊಟದ ಮೇಜುಗಳು ಇನ್ನೂ ಚೆನ್ನಾಗಿವೆ. ಆದರೂ ನನ್ನ ಓಟು ಹಳೆಯದಕ್ಕೆ. ಹೊಸದರಲ್ಲಿ ಬೆಳಕು ಮೃದು, ಮನೆ ಬೆಚ್ಚಗೆ. ಹಳೆಯದರಲ್ಲಿ ಹೆಂಗಸರ ನಗುವಿನ ಹಿಂದೆ ಹಲ್ಲು ಕಾಣಿಸುತ್ತದೆ.

ಇನ್ನು ಸಕಾಮೊತೊ ಯೂಜಿ. 1991ರಲ್ಲಿ ‘ಟೋಕಿಯೊ ಲವ್ ಸ್ಟೋರಿ’ ಬರೆದು ಹುಡುಗ ಹುಡುಗಿಯರ ಮನಸ್ಸು ಗೆದ್ದವರು, 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕತೆಯ ಪ್ರಶಸ್ತಿ ಪಡೆದವರು. ಈ ಎರಡರ ನಡುವೆ, 2017ರಲ್ಲಿ ಟಿಬಿಎಸ್‌ನಲ್ಲಿ ಬಂದ ‘ಕ್ವಾರ್ಟೆಟ್’ ನನಗೆ ಎಲ್ಲಕ್ಕಿಂತ ಮೇಲು. ಸಂಗೀತದಲ್ಲಿ ಹೆಸರು ಮಾಡಲಾಗದ ನಾಲ್ವರು ಕರುಇಜಾವಾದ ಒಂದು ಬೆಟ್ಟದ ಮನೆಯಲ್ಲಿ ಚಳಿಗಾಲ ಕಳೆಯುತ್ತಾ ಒಟ್ಟಿಗೆ ನುಡಿಸುತ್ತಾರೆ. ಮೊದಲ ರಾತ್ರಿಯ ಊಟದಲ್ಲಿ ಕರಾಅಗೆಯ ತಟ್ಟೆ ಬರುತ್ತದೆ. ಒಬ್ಬರು ಎಲ್ಲರಿಗೂ ಸೇರಿದ ತಟ್ಟೆಯ ಮೇಲೆ ನಿಂಬೆಹಣ್ಣು ಹಿಂಡಿಬಿಡುತ್ತಾರೆ. ನಾಲ್ವರಲ್ಲೊಬ್ಬನಾದ ಇಯೆಮೊರಿಗೆ ಕೋಪ. ಕೇಳದೆ ಯಾಕೆ ಹಿಂಡಿದಿರಿ, ಹಿಂಡಿದ್ದನ್ನು ವಾಪಸ್ ತೆಗೆಯಲಾಗುತ್ತದೆಯೇ ಅಂತ ವಾದಕ್ಕಿಳಿಯುತ್ತಾನೆ. ನೋಡುವವರಿಗೆ ನಗು. ಆಮೇಲೆ ನಾಲ್ವರಲ್ಲೊಬ್ಬಳಾದ ಮಕಿ ಎಂಬ ಹೆಂಗಸಿನ ಕತೆ ತೆರೆದುಕೊಳ್ಳುತ್ತದೆ. ಅವಳು ಮದುವೆಯಾದಾಗಿನಿಂದ ಗಂಡನಿಗೆ ಕರಾಅಗೆ ಮಾಡಿ ನಿಂಬೆ ಹಿಂಡಿ ಬಡಿಸಿದ್ದಾಳೆ, ಅವನು ರುಚಿಯಾಗಿದೆ ಅಂತ ತಿಂದಿದ್ದಾನೆ. ಒಂದು ದಿನ ಹೊರಗಿನ ಹೋಟೆಲಿನಲ್ಲಿ, ಅವಳಿದ್ದದ್ದು ಗೊತ್ತಿಲ್ಲದೆ, ನನಗೆ ನಿಂಬೆ ಇಷ್ಟವಿಲ್ಲ ಅಂತ ಅವನು ಗೆಳೆಯನಿಗೆ ಹೇಳುವುದು ಅವಳ ಕಿವಿಗೆ ಬೀಳುತ್ತದೆ. ಹೆಂಡತಿಯ ಬಗ್ಗೆಯೂ ಅವನ ಮಾತು ಅಂಥದ್ದೇ: ಪ್ರೀತಿ ಇದೆ, ಆದರೆ ಇಷ್ಟವಿಲ್ಲ. ನಾವು ನಕ್ಕಿದ್ದ ಆ ನಿಂಬೆಹಣ್ಣಿನೊಳಗೆ ಒಂದು ಮದುವೆ ಮುರಿದುಬಿದ್ದಿತ್ತು ಅಂತ ಆಗ ತಿಳಿಯುತ್ತದೆ.

ಮೂರನೆಯ ಕಂತು. ಚೆಲ್ಲೊ ನುಡಿಸುವ ಸುಜುಮೆಯ ಅಪ್ಪ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾನೆ. ಚಿಕ್ಕವಳಿದ್ದಾಗ ಅವಳನ್ನು ಪವಾಡದ ಹುಡುಗಿಯಾಗಿ ಟಿವಿಯಲ್ಲಿ ತೋರಿಸಿ, ಮೋಸ ಬಯಲಾದ ಮೇಲೆ ಅವಳ ಬದುಕನ್ನೆಲ್ಲ ಹಾಳುಮಾಡಿದ ಅಪ್ಪ ಅವನು. ಅವಳು ಹೋಗುತ್ತಿಲ್ಲ. ಹುಡುಕಿಕೊಂಡು ಬಂದ ಮಕಿ ಅವಳನ್ನು ಸೋಬಾ ನೂಡಲ್ಸಿನ ಅಂಗಡಿಗೆ ಕರೆದೊಯ್ಯುತ್ತಾಳೆ. ಎದುರುಬದುರು ಕೂತು ಇಬ್ಬರೂ ಕತ್ಸುದೊನ್ ತಿನ್ನುತ್ತಾರೆ. ಅಪ್ಪ ಅಂದಮೇಲೆ ಹೋಗಲೇಬೇಕಲ್ಲವೇ ಅನ್ನುವ ಭಯ ಸುಜುಮೆಗೆ. ಹೋಗಬೇಕಾಗಿಲ್ಲ, ಕರುಇಜಾವಾಗೆ ವಾಪಸ್ ಹೋಗೋಣ ಅನ್ನುತ್ತಾಳೆ ಮಕಿ. ನಾವೆಲ್ಲ ಒಂದೇ ಶಾಂಪೂ ಹಚ್ಚಿಕೊಳ್ಳುವವರಲ್ಲವೇ ಅಂತ ನೆನಪಿಸುತ್ತಾಳೆ. ಸುಜುಮೆ ಅಳುತ್ತಾ ಅನ್ನ ನುಂಗುತ್ತಾಳೆ. ಅಳುತ್ತಾ ಉಂಡವರು ಬದುಕಿಕೊಳ್ಳುತ್ತಾರೆ ಅನ್ನುವ ಅರ್ಥದ ಮಾತು ಮಕಿಯ ಬಾಯಿಂದ ಬರುತ್ತದೆ.

ನಮ್ಮ ಮನೆಗಳಲ್ಲಿ ಅನ್ನದ ಮುಂದೆ ಕೂತು ಕಣ್ಣೀರು ಹಾಕಬಾರದು ಅಂತ ಹೇಳಿ ಬೆಳೆಸುತ್ತಾರೆ. ಅದು ಅನ್ನಕ್ಕೆ ಮಾಡುವ ಅವಮಾನ ಅಂತ. ಹಾಗಾಗಿ ನಮ್ಮಲ್ಲಿ ಅಳುವವರು ಎದ್ದು ಹೋಗಿಬಿಡುತ್ತಾರೆ, ಇಲ್ಲವೇ ನುಂಗಿಕೊಂಡು ಉಣ್ಣುತ್ತಾರೆ. ಸಕಾಮೊತೊ ಎರಡನ್ನೂ ಒಟ್ಟಿಗೆ ಬಿಡುತ್ತಾರೆ, ಅಳುವನ್ನೂ ಅನ್ನವನ್ನೂ. 2012ರ ನಂತರದ ಜಪಾನಿ ಧಾರಾವಾಹಿಗಳಲ್ಲಿ ನನಗೆ ಇಷ್ಟು ನಿಜ ಅನ್ನಿಸಿದ ದೃಶ್ಯ ಇನ್ನೊಂದಿಲ್ಲ. ಮಿತ್ಸುಶಿಮಾ ಹಿಕಾರಿಯ ಕೆನ್ನೆ ತುಂಬಿರುವಾಗಲೇ ತುಟಿ ನಡುಗುತ್ತದೆ. ಎದುರಿಗೆ ಮಾತ್ಸು ತಕಾಕೊ ತಾನೂ ತಿನ್ನುತ್ತಾ, ಒಂದಿಷ್ಟೂ ದನಿ ಏರಿಸದೆ ಮಾತಾಡುತ್ತಾಳೆ. ಅಪ್ಪ ಅಮ್ಮನನ್ನು ಕ್ಷಮಿಸಲೇಬೇಕು ಅಂತ ನೂರು ಕತೆಗಳು ಹೇಳುವಾಗ, ಬೇಡ, ಹೋಗಬೇಡ ಅನ್ನುವ ಧೈರ್ಯ ಈ ಒಂದು ಕತೆಗಿತ್ತು. ಅದು ಸರಿಯೇ ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ, ಆದರೆ ಸುಜುಮೆಯ ಮಟ್ಟಿಗೆ ಸರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಊಟದ ಧಾರಾವಾಹಿ ಅಂದ ಕೂಡಲೇ ಎಲ್ಲರೂ ಹೇಳುವುದು ‘ಶಿನ್ಯಾ ಶೊಕುದೊ’. ಅಬೆ ಯಾರೊ ಅವರ ಮಾಂಗಾ (ಜಪಾನಿ ಕಾಮಿಕ್ಸ್) ಆಧರಿಸಿ 2009ರಲ್ಲಿ ಶುರುವಾದದ್ದು. ಟೋಕಿಯೊದ ಶಿಂಜುಕುವಿನ ಸಂದಿಯೊಂದರಲ್ಲಿ ಮಧ್ಯರಾತ್ರಿ ತೆರೆದು ಬೆಳಗ್ಗೆ ಏಳಕ್ಕೆ ಮುಚ್ಚುವ ಪುಟ್ಟ ಹೋಟೆಲ್. ಮೆನುವಿನಲ್ಲಿ ಹಂದಿಮಾಂಸದ ಮಿಸೊ ಸಾರಿನ ಊಟ ಒಂದೇ, ಜತೆಗೆ ಮದ್ಯ. ಬೇರೆ ಏನು ಕೇಳಿದರೂ ಸಾಮಾನು ಇದ್ದರೆ ಮಾಡಿಕೊಡುವುದು ಅಲ್ಲಿಯ ನೇಮ. ಯಜಮಾನನಾಗಿ ಕೊಬಯಾಶಿ ಕಾವೊರು. ಅವನ ಕಣ್ಣಿನ ಮೇಲಿನ ಗಾಯದ ಗುರುತು ಹೇಗೆ ಬಂತು ಅಂತ ಯಾರೂ ಹೇಳುವುದಿಲ್ಲ, ಅದು ನನಗೆ ಬಹಳ ಇಷ್ಟ. ಮೊದಲ ಸರಣಿಯ ಒಂದು ಕತೆಯಲ್ಲಿ ಹೆಸರಿಲ್ಲದ ಯುವ ಗಾಯಕಿ ಬಂದು ‘ಬೆಕ್ಕಿನ ಅನ್ನ’ ಕೇಳುತ್ತಾಳೆ. ಬಿಸಿ ಅನ್ನದ ಮೇಲೆ ತುರಿದ ಒಣಮೀನು, ನಾಲ್ಕು ಹನಿ ಸೋಯಾ ಸಾಸ್. ಅಷ್ಟರಲ್ಲೇ ಅವಳ ಬಡತನ, ಅವಳ ಆಸೆ ಎರಡೂ ಇವೆ. ಮುಂದೆ ಅವಳಿಗೆ ಹೆಸರು ಬರುತ್ತದೆ, ಸಾವೂ ಬರುತ್ತದೆ, ಎಲ್ಲ ಅರ್ಧ ಗಂಟೆಯೊಳಗೆ. ಆಮೇಲಿನ ಸರಣಿಗಳಲ್ಲಿ ಈ ಬಿಗಿ ಸಡಿಲವಾಯಿತು. ಪ್ರತಿ ಗಿರಾಕಿಯ ದುಃಖಕ್ಕೂ ಒಂದು ತಿಂಡಿಯ ಪರಿಹಾರ ಸಿಗತೊಡಗಿದಾಗ ನನಗೆ ಆಸಕ್ತಿ ಕುಂದಿತು.

2012ರಲ್ಲಿ ಟಿವಿ ಟೋಕಿಯೊದಲ್ಲಿ ಶುರುವಾದ ‘ಕೊದೊಕು ನೊ ಗುರುಮೆ’ಯಲ್ಲಿ ದುಃಖವೇ ಇಲ್ಲ. ಮಾತ್ಸುಶಿಗೆ ಯುತಾಕಾ ಸೂಟು ಹಾಕಿಕೊಂಡು ಕೆಲಸದ ಮೇಲೆ ಅಲೆಯುತ್ತಾರೆ, ಹಸಿವಾಗುತ್ತದೆ, ನಿಜವಾಗಿಯೂ ಇರುವ ಒಂದು ಹೋಟೆಲಿಗೆ ಹೋಗಿ ಒಬ್ಬರೇ ಕೂತು ತಿನ್ನುತ್ತಾರೆ. ಕತೆ ಅಷ್ಟೇ. ಒಬ್ಬರೇ ಹೋಟೆಲಿನಲ್ಲಿ ಕೂತು ಉಣ್ಣುವವರನ್ನು ಕಂಡರೆ ಅಯ್ಯೋ ಪಾಪ ಅನ್ನುವುದು ನಮಗೆ ರೂಢಿ. ಇದನ್ನು ನೋಡಿದ ಮೇಲೆ ಹಾಗನ್ನುವುದನ್ನು ನಾನು ಬಿಟ್ಟೆ. ಇದರ ಹಿಂದೆ ಸಾಲುಸಾಲಾಗಿ ಬಂದ ತಿಂಡಿಯ ಧಾರಾವಾಹಿಗಳಲ್ಲಿ ಹೆಚ್ಚಿನವು ಬರೀ ತಟ್ಟೆ ತೋರಿಸುತ್ತವೆ, ಮುಖ ತೋರಿಸುವುದಿಲ್ಲ. ಅವು ನನಗೆ ಬೇಡ.

‘ಕಿನೊ ನಾನಿ ತಬೆತಾ?’ ಹಾಗಲ್ಲ. 2019ರದ್ದು, ಯೊಶಿನಾಗಾ ಫುಮಿ ಅವರ ಮಾಂಗಾ ಆಧಾರ. ವಕೀಲ ಶಿರೊ, ಕೂದಲು ಕತ್ತರಿಸುವ ಕೆಲಸದ ಕೆಂಜಿ, ಒಟ್ಟಿಗೆ ಬಾಳುವ ಇಬ್ಬರು ಗಂಡಸರು. ಶಿರೊ ಸಂಜೆ ಸರಿಯಾದ ಹೊತ್ತಿಗೆ ಆಫೀಸು ಬಿಟ್ಟು, ರಿಯಾಯಿತಿ ನೋಡಿ ತರಕಾರಿ ಕೊಂಡು, ತಿಂಗಳ ಊಟದ ಖರ್ಚು 25,000 ಯೆನ್ ದಾಟದಂತೆ ಲೆಕ್ಕ ಇಟ್ಟು ಅಡುಗೆ ಮಾಡುತ್ತಾನೆ. ಒಂದು ಕಲ್ಲಂಗಡಿ ಇಬ್ಬರಿಗೆ ಹೆಚ್ಚಾಗುತ್ತದೆ ಅಂತ ಅಂಗಡಿಯಲ್ಲಿ ಸಿಕ್ಕ ಅಪರಿಚಿತ ಗೃಹಿಣಿಯ ಜತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ, ಅಲ್ಲಿಂದ ಅವರಿಬ್ಬರ ಸ್ನೇಹ. ತಮ್ಮ ಸಂಬಂಧ ಹೊರಗೆ ಕಾಣಬಾರದು ಅಂತ ಶಿರೊಗೆ ಭಯ, ಕೆಂಜಿಗೆ ಅದೇ ಕೊರಗು. ಕೊನೆಗೆ ಹೊಸವರ್ಷಕ್ಕೆ ಶಿರೊನ ಅಪ್ಪ ಅಮ್ಮ ಕೆಂಜಿಯನ್ನು ಮನೆಗೆ ಕರೆದು ಊಟ ಹಾಕುತ್ತಾರೆ. ವಾಪಸ್ ಬರುವ ದಾರಿಯಲ್ಲಿ ಕೆಂಜಿ ಅಳುತ್ತಾನೆ. ಪ್ರೀತಿಸಿದವನ ಮನೆಯಲ್ಲಿ ಹಬ್ಬದೂಟ ಉಂಡೆ, ಈಗ ಸತ್ತರೂ ಸರಿ ಅನ್ನುವಷ್ಟು ಸಂತೋಷ. ಮುಂದೆ 2021ರ ಚಿತ್ರದಲ್ಲಿ ಅದೇ ಅಪ್ಪ ಅಮ್ಮ ಇನ್ನು ಹಬ್ಬಕ್ಕೆ ಕರೆತರಬೇಡ ಅಂತಾರೆ. ಒಂದು ಊಟದಿಂದ ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳದ ಬರಹಗಾರರ ಮೇಲೆ ನನಗೆ ಗೌರವ.

ಬ್ಯಾಂಕಿನ ಸೇಡಿನ ಕತೆ ‘ಹಂಜಾವಾ ನವೊಕಿ’ಯನ್ನು ಜಪಾನಿಗೆ ಜಪಾನೇ ನೋಡಿತು, 2013ರ ಕೊನೆಯ ಕಂತಿಗೆ ಟೋಕಿಯೊ ಸುತ್ತಮುತ್ತ 42.2 ಶೇಕಡಾ ರೇಟಿಂಗ್. ನಾನೂ ಪೂರ್ತಿ ನೋಡಿದೆ, ಮತ್ತೆ ನೋಡುವ ಆಸೆಯಿಲ್ಲ. ನೊಗಿ ಅಕಿಕೊ ಬರೆದ ‘ಅನ್‌ನ್ಯಾಚುರಲ್’ (2018) ಮಾತ್ರ ಮತ್ತೆ ಮತ್ತೆ ನೋಡುತ್ತೇನೆ. ಶವಪರೀಕ್ಷೆ ಮಾಡುವ ಮಿಕೊತೊ, ಚಿಕ್ಕಂದಿನಲ್ಲಿ ಮನೆಮಂದಿಯನ್ನೆಲ್ಲ ಸಾವಿಗೆ ಎಳೆದೊಯ್ದ ಘಟನೆಯಲ್ಲಿ ಒಬ್ಬಳೇ ಉಳಿದವಳು. ಹತಾಶಳಾಗುವಷ್ಟು ಬಿಡುವಿದ್ದರೆ ರುಚಿಯಾದದ್ದು ತಿಂದು ಮಲಗುತ್ತೇನೆ ಅನ್ನುವುದು ಅವಳ ಧೋರಣೆ. ಹೆಣಗಳ ನಡುವಿನ ಕೆಲಸದಲ್ಲಿ ಅವಳು ಹೊಟ್ಟೆತುಂಬ ತಿನ್ನುವುದನ್ನು ನೋಡಿದರೆ, ಬದುಕಿರುವುದು ಒಂದು ಹಟ ಅನ್ನಿಸುತ್ತದೆ.

2024ರ ಬೆಳಗಿನ ಧಾರಾವಾಹಿ ‘ತೊರಾ ನಿ ತ್ಸುಬಾಸಾ’ ನನ್ನ ಪಟ್ಟಿಗೆ ಸೇರಿದ ಹೊಸದು. ಜಪಾನಿನ ಮೊದಲ ಮಹಿಳಾ ವಕೀಲರಲ್ಲೊಬ್ಬರಾಗಿ, ಮುಂದೆ ನ್ಯಾಯಾಧೀಶೆಯಾದ ಮಿಬುಚಿ ಯೊಶಿಕೊ ಅವರ ಬದುಕು ಇದಕ್ಕೆ ಆಧಾರ. ಬರೆದವರು ಯೊಶಿದಾ ಎರಿಕಾ. ಯುದ್ಧ ಮುಗಿದಿದೆ. ನಾಯಕಿ ತೊಮೊಕೊಳ ಗಂಡ ಸತ್ತಿದ್ದಾನೆ. ನಿನಗೋಸ್ಕರ ಏನಾದರೂ ತಿನ್ನು ಅಂತ ಅಮ್ಮ ದುಡ್ಡು ಕೊಟ್ಟು ಕಳಿಸುತ್ತಾಳೆ. ಕಾಳಸಂತೆಯಲ್ಲಿ ಯಾಕಿತೊರಿ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ) ಕೊಂಡು ಕೂತರೆ ತುತ್ತು ಇಳಿಯದು, ಅಳು ಬರುತ್ತದೆ, ಎದ್ದು ಹೊರಟುಬಿಡುತ್ತಾಳೆ. ಅಂಗಡಿಯ ಹೆಂಗಸು ಹಿಂದೆ ಬಂದು, ಬಿಟ್ಟುಬಂದದ್ದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾಳೆ. ನದಿಯ ದಡದಲ್ಲಿ ಕೂತು ಬಿಚ್ಚಿದರೆ, ಆ ಎಣ್ಣೆ ಹತ್ತಿದ ಪೇಪರಿನಲ್ಲಿ ದೇಶದ ಹೊಸ ಸಂವಿಧಾನ ಅಚ್ಚಾಗಿದೆ. ಹದಿನಾಲ್ಕನೆಯ ವಿಧಿ: ಕಾನೂನಿನ ಮುಂದೆ ಎಲ್ಲರೂ ಸಮಾನರು, ಗಂಡು ಹೆಣ್ಣೆಂಬ ಭೇದವಿಲ್ಲ. ಯುದ್ಧಕ್ಕೆ ಮೊದಲೇ ಕಾನೂನು ಓದಿ, ಎಲ್ಲ ಕಡೆ ಬಾಗಿಲು ಮುಚ್ಚಿಸಿಕೊಂಡವಳು ಅದನ್ನು ತಿನ್ನುತ್ತಾ ಓದುತ್ತಾಳೆ. ರಾಮೆನ್ ಅಂಗಡಿಯ ಹೆಂಗಸು ಬಟ್ಟಲು ಎತ್ತಲು ಬಂದಳು, ಈ ಹೆಂಗಸು ಬಿಟ್ಟುಹೋದ ಊಟವನ್ನು ಬೆನ್ನಟ್ಟಿ ತಂದುಕೊಟ್ಟಳು. ಇತೊ ಸಾಇರಿ ಆ ದೃಶ್ಯದಲ್ಲಿ ಮಾಡಿದ್ದನ್ನು ನೋಡಲೆಂದೇ ಇದರ 130 ಕಂತುಗಳಿಗೆ ಕೈ ಹಾಕಬಹುದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ‘ಕ್ವಾರ್ಟೆಟ್’ ಹೇಳುತ್ತೇನೆ. ಹತ್ತೇ ಕಂತು. ಮೂರು ತಿಂಗಳಿಗೊಮ್ಮೆ ಹೊಸ ಕತೆಗಳು ಶುರುವಾಗಿ, ಹತ್ತು ಹನ್ನೊಂದು ಕಂತಿಗೆ ಮುಗಿಯುವ ಅಲ್ಲಿನ ಪದ್ಧತಿ ನಮಗೆ ದೊಡ್ಡ ಅನುಕೂಲ. ‘ಓಶಿನ್’ ನೋಡುವುದಾದರೆ ಬಾಲ್ಯದ ಭಾಗಕ್ಕೇ ನಿಲ್ಲಿಸಬೇಡಿ, ಅಲ್ಲಿಗೆ ನಿಲ್ಲಿಸಿದರೆ ಹಶಿದಾ ಕೇಳಿದ ಪ್ರಶ್ನೆ ತಪ್ಪಿಹೋಗುತ್ತದೆ. ‘ತೆರಾಉಚಿ ಕಂತಾರೊ’ ನಾನು ನೋಡಿರುವುದು ಬಿಡಿ ತುಣುಕುಗಳನ್ನಷ್ಟೇ. ಸಬ್‌ಟೈಟಲ್ ಸಮೇತ ಪೂರ್ತಿ ಸಿಗುವ ಜಾಗ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಆ ಮನೆಯಲ್ಲಿ ಬೆಳಗಿನ ಊಟಕ್ಕೆ ಏನಿತ್ತು ಅಂತ ಪ್ರತಿ ಕಂತಿಗೂ ನೋಡಬೇಕಿದೆ.